ಬೆನ್ನ ಮೇಲಿನ ಭಾರ ಎಲ್ಲಿಂದ ಇಳಿಸಬೇಕು?

ಓದುಗರ ಪ್ರಶ್ನೆ, ತಜ್ಞರ ಉತ್ತರ: ಮಹಿಳೆಯರ ಮೊದಲ ದೀರ್ಘ ಚಾರಣ

ವಾರಗಟ್ಟಲೆ ನಡೆಯುವ ಚಾರಣಕ್ಕೆ ಮೊದಲ ಸಲ ಹೊರಟಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಹಳಷ್ಟು ಪತ್ರಗಳಲ್ಲಿದ್ದ ಆತಂಕ ಒಂದೇ: ‘ಇಷ್ಟು ಭಾರ ನನ್ನ ಕೈಲಿ ಹೊರಲಿಕ್ಕೆ ಆಗುತ್ತದೆಯೇ?’ ಅಷ್ಟು ಹೊರುವ ಅಗತ್ಯವೇ ಇಲ್ಲ ಎಂಬುದು ಮುಂದಿನ ಉತ್ತರಗಳಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಹದಿನೆಂಟು ದಿನಗಳ ಚಾರಣಕ್ಕೆ ಹೊರಟಿದ್ದೇನೆ. ಐದು ದಿನಕ್ಕೊಮ್ಮೆ ಆಹಾರ ತುಂಬಿಕೊಳ್ಳಬಹುದು. ನನ್ನ ತೂಕ 52 ಕೆ.ಜಿ. ಆಹಾರ, ನೀರು ಬಿಟ್ಟು ಸಾಮಾನೇ 14.6 ಕೆ.ಜಿ. ಆಗಿದೆ. ಬ್ಯಾಕ್‌ಪ್ಯಾಕ್ 2,300 ಗ್ರಾಂ, ಟೆಂಟು 2,700, ಸ್ಲೀಪಿಂಗ್ ಬ್ಯಾಗ್ 1,800, ಮ್ಯಾಟ್ 900, ಬಟ್ಟೆ 3,100, ಅಡುಗೆ ಸಾಮಾನು 950, ಎಲೆಕ್ಟ್ರಾನಿಕ್ಸ್ 900, ಔಷಧ ಮತ್ತು ಸೋಪು ಇತ್ಯಾದಿ 1,150, ಚಿಲ್ಲರೆ ವಸ್ತುಗಳು 800. ಎಲ್ಲಿಂದ ಶುರು ಮಾಡಲಿ?

ಉತ್ತರ: ಶುರು ಆಗಲೇ ಆಗಿದೆ. ಪ್ರತಿಯೊಂದನ್ನೂ ತಕ್ಕಡಿಗೆ ಹಾಕಿ ಬರೆದಿಟ್ಟುಕೊಂಡಿದ್ದೀರಿ. ಅರ್ಧ ಕೆಲಸ ಅದೇ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಪೆಟ್ಟಿಗೆಯ ಮೇಲೆ ಕಂಪನಿ ಅಚ್ಚು ಹಾಕಿದ ತೂಕವನ್ನು ಮಾತ್ರ ನಂಬಬೇಡಿ. ಟೆಂಟಿನ ಗೂಟ, ಹಗ್ಗ, ಚೀಲಗಳನ್ನು ಅದರಲ್ಲಿ ಎಷ್ಟೋ ಸಲ ಸೇರಿಸಿರುವುದಿಲ್ಲ.

ಆಹಾರ, ನೀರು, ಇಂಧನ ಬಿಟ್ಟು ಚೀಲದಲ್ಲಿರುವುದೆಲ್ಲದರ ತೂಕಕ್ಕೆ ಚಾರಣಿಗರು ‘ಬೇಸ್ ವೇಟ್’ ಎನ್ನುತ್ತಾರೆ. ಇದು 9 ಕೆ.ಜಿ.ಯೊಳಗಿದ್ದರೆ ಹಗುರ, 4.5 ಕೆ.ಜಿ.ಯೊಳಗಿದ್ದರೆ ಅತಿಹಗುರ. ನಿಮ್ಮ 14.6 ಕೆ.ಜಿ.ಗೆ ಐದು ದಿನದ ಆಹಾರ (ದಿನಕ್ಕೆ 700 ಗ್ರಾಂನಂತೆ 3.5 ಕೆ.ಜಿ.), ಎರಡು ಲೀಟರ್ ನೀರು, 200 ಗ್ರಾಂ ಇಂಧನ ಸೇರಿಸಿದರೆ 20.3 ಕೆ.ಜಿ. ಆಗುತ್ತದೆ. ಅಂದರೆ ನಿಮ್ಮ ದೇಹದ ತೂಕದ ಶೇ 39. ದೇಹದ ತೂಕದ ಶೇ 20ರಷ್ಟು ಹೊರೆ ಹಿತ, ಶೇ 25 ದಾಟಿದರೆ ಮಂಡಿ ಮತ್ತು ಪಾದ ದೂರು ಹೇಳತೊಡಗುತ್ತವೆ ಎಂಬುದು ನಡೆಯುವವರ ನಡುವೆ ಬಳಕೆಯಲ್ಲಿರುವ ಸರಳ ಲೆಕ್ಕ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಒಲೆ, ಫಿಲ್ಟರ್, ಪವರ್ ಬ್ಯಾಂಕ್, ಟೆಂಟು ಇವೆಲ್ಲ 80 ಕೆ.ಜಿ.ಯ ಗಂಡಸಿಗೂ 52 ಕೆ.ಜಿ.ಯ ನಿಮಗೂ ಒಂದೇ ತೂಕ. ದೇಹ ಚಿಕ್ಕದೆಂದು ಅವು ಚಿಕ್ಕದಾಗುವುದಿಲ್ಲ. ದೊಡ್ಡ ಮೈಕಟ್ಟಿನವರು ಬರೆದ ಪಟ್ಟಿಯನ್ನು ಹಾಗೇ ಎತ್ತಿಕೊಂಡರೆ ಚಿಕ್ಕ ಮೈಕಟ್ಟಿನ ಹೆಣ್ಣುಮಕ್ಕಳು ಸೋಲುವುದು ಇಲ್ಲಿಯೇ. ಆಮೇಲೆ ‘ನನಗೇ ಶಕ್ತಿ ಸಾಲದು’ ಅಂದುಕೊಳ್ಳುತ್ತಾರೆ. ತಪ್ಪು ಪಟ್ಟಿಯದು.

ಮೊದಲು ಖರ್ಚಿಲ್ಲದೆ ಇಳಿಯುವುದನ್ನು ಇಳಿಸಿ. ಬಟ್ಟೆ 3,100ರಿಂದ 1,600ಕ್ಕೆ ಬರುತ್ತದೆ (ಹೇಗೆಂದು ಮುಂದೆ ಹೇಳಿದ್ದೇವೆ). ಔಷಧ ಮತ್ತು ಸೋಪಿನ ಚೀಲ 500 ಗ್ರಾಂಗೆ ಬರುತ್ತದೆ: ಪೂರ್ತಿ ಟೂತ್‌ಪೇಸ್ಟ್ ಟ್ಯೂಬಿನ ಬದಲು 20 ಗ್ರಾಂನದು, ಸನ್‌ಸ್ಕ್ರೀನನ್ನು ಪುಟ್ಟ ಬಾಟಲಿಗೆ ಬಗ್ಗಿಸಿಕೊಂಡದ್ದು, ಇಡೀ ಡಬ್ಬಿ ಮಾತ್ರೆಯ ಬದಲು ಹೆಸರು ಮತ್ತು ಪ್ರಮಾಣ ಬರೆದ ಸಣ್ಣ ಪೊಟ್ಟಣ. ಎರಡು ಪಾತ್ರೆ, ತಟ್ಟೆ, ಲೋಟದ ಜಾಗದಲ್ಲಿ 750 ಮಿ.ಲೀ.ನ ಒಂದೇ ಪಾತ್ರೆ, ಒಂದು ಉದ್ದ ಚಮಚ ಸಾಕು; ಒಲೆ ಸೇರಿ 400 ಗ್ರಾಂ. ಎಲೆಕ್ಟ್ರಾನಿಕ್ಸ್ 500, ಚಿಲ್ಲರೆ 250. ಇಷ್ಟರಲ್ಲೇ 3,650 ಗ್ರಾಂ ಇಳಿಯಿತು.

ಹಣ ಹಾಕುವುದಾದರೆ ಟೆಂಟು, ಸ್ಲೀಪಿಂಗ್ ಬ್ಯಾಗ್, ಬ್ಯಾಕ್‌ಪ್ಯಾಕ್ ಈ ಮೂರು ದೊಡ್ಡ ವಸ್ತುಗಳಿಗೆ ಹಾಕಿ. ಟೆಂಟು 1,200, ಬ್ಯಾಗ್ 1,000, ಬ್ಯಾಕ್‌ಪ್ಯಾಕ್ 1,200 ಗ್ರಾಂನವು, ಜೊತೆಗೆ 450 ಗ್ರಾಂನ ಮ್ಯಾಟ್ ಸಿಕ್ಕರೆ ಬೇಸ್ ವೇಟ್ 7.1 ಕೆ.ಜಿ.ಗೆ ನಿಲ್ಲುತ್ತದೆ. ಆಹಾರ, ನೀರು, ಇಂಧನ ತುಂಬಿದ ಮೊದಲ ದಿನ 12.8 ಕೆ.ಜಿ., ದೇಹದ ತೂಕದ ಶೇ 25ರೊಳಗೆ. ದಿನ ಕಳೆದಂತೆ ಆಹಾರ ಕರಗಿ ಅದೂ ಇಳಿಯುತ್ತದೆ. ಮೂರನ್ನೂ ಒಟ್ಟಿಗೆ ಕೊಳ್ಳಲಾಗದಿದ್ದರೆ ಈ ಸಲ ಟೆಂಟು ಮಾತ್ರ ಬದಲಿಸಿ. ಈ ಮೂರರಲ್ಲಿ ಅತಿ ಹೆಚ್ಚು ಇಳಿಯುವುದು ಅಲ್ಲೇ.

ಬ್ಯಾಕ್‌ಪ್ಯಾಕನ್ನು ಕೊನೆಗೆ ಕೊಳ್ಳಿ. ಮಿಕ್ಕದ್ದೆಲ್ಲ ಕೈಗೆ ಬಂದ ಮೇಲೆ ರಾಶಿ ಹಾಕಿ ನೋಡಿದರೆ 45–50 ಲೀಟರ್ ಸಾಕೋ ಇಲ್ಲವೋ ಗೊತ್ತಾಗುತ್ತದೆ. 65 ಲೀಟರಿನ ಚೀಲ ಕೈಲಿದ್ದರೆ ಅದನ್ನು ತುಂಬುವ ತನಕ ಮನಸ್ಸು ಸುಮ್ಮನಿರುವುದಿಲ್ಲ.

ಪ್ರಶ್ನೆ: ಗೆಳತಿಯ ಬ್ಯಾಕ್‌ಪ್ಯಾಕ್ ಹಾಕಿಕೊಂಡು ನಡೆದಾಗ ಭುಜ ಉರಿಯುತ್ತದೆ, ಬೆಲ್ಟ್ ಜಾರುತ್ತದೆ, ಎದೆಯ ಮೇಲಿನ ಪಟ್ಟಿ ಹಿಂಸೆ. ‘ಮಹಿಳೆಯರ ಬ್ಯಾಕ್‌ಪ್ಯಾಕ್’ ಅಂತಲೇ ಕೊಳ್ಳಬೇಕೇ?

ಉತ್ತರ: ಹೆಸರಿಗಿಂತ ಅಳತೆ ಮುಖ್ಯ. ಬ್ಯಾಕ್‌ಪ್ಯಾಕಿನ ಸೈಜನ್ನು ನಿಮ್ಮ ಎತ್ತರ ನಿರ್ಧರಿಸುವುದಿಲ್ಲ, ಬೆನ್ನಿನ ಉದ್ದ ನಿರ್ಧರಿಸುತ್ತದೆ. ಅದನ್ನು ಅಳೆಯಲು ಇನ್ನೊಬ್ಬರ ಸಹಾಯ ಬೇಕು. ತಲೆ ಮುಂದಕ್ಕೆ ಬಗ್ಗಿಸಿ. ಕುತ್ತಿಗೆಯ ಬುಡದಲ್ಲಿ ಬೆರಳಿಗೆ ಸಿಗುವ ಉಬ್ಬಿದ ಮೂಳೆಯೇ ಮೇಲಿನ ಗುರುತು. ಎರಡೂ ಕೈಯನ್ನು ಸೊಂಟದ ಮೂಳೆಯ ಏಣಿನ ಮೇಲಿಟ್ಟು ಹೆಬ್ಬೆರಳನ್ನು ಬೆನ್ನ ಕಡೆಗೆ ಚಾಚಿ. ಹೆಬ್ಬೆರಳುಗಳ ನಡುವೆ ಎಳೆದ ಗೆರೆ ಕೆಳಗಿನ ಗುರುತು. ಈ ಎರಡರ ನಡುವೆ ಬೆನ್ನುಮೂಳೆಯ ಮೇಲೆ ಟೇಪು ಹಿಡಿದು ಅಳೆಯಿರಿ. ಒಂದೇ ಎತ್ತರದ ಇಬ್ಬರಲ್ಲಿ ಈ ಅಳತೆ 5 ಸೆಂ.ಮೀ. ವ್ಯತ್ಯಾಸವಾಗುವುದು ಸಾಮಾನ್ಯ. ಹಾಗಾಗಿ ಗೆಳತಿಗೆ ಹೊಂದಿದ್ದು ನಿಮಗೆ ಹೊಂದಬೇಕಿಲ್ಲ.

ಮಹಿಳೆಯರಿಗೆಂದು ಮಾಡಿದ ಚೀಲಗಳಲ್ಲಿ ಮೂರು ವಿಷಯ ಬೇರೆ: ಬೆನ್ನಿನ ಉದ್ದ ಕಡಿಮೆ, ಭುಜದ ಪಟ್ಟಿಗಳು ಕಿರಿದಾಗಿ, ಹತ್ತಿರವಾಗಿ, ಎದೆಯ ಪಕ್ಕದಲ್ಲಿ ಬಾಗಿ ಹೋಗುತ್ತವೆ, ಹಿಪ್ ಬೆಲ್ಟ್ ಸೊಂಟದ ಇಳಿಜಾರಿಗೆ ತಕ್ಕಂತೆ ಓರೆಯಾಗಿರುತ್ತದೆ. ಬೆನ್ನು ಉದ್ದವಿದ್ದು ಭುಜ ಅಗಲವಿರುವ ಹೆಣ್ಣುಮಕ್ಕಳಿಗೆ ಸಾಮಾನ್ಯ ಚೀಲವೇ ಚೆನ್ನಾಗಿ ಕೂರಬಹುದು.

ಅಂಗಡಿಯಲ್ಲಿ ಖಾಲಿ ಚೀಲ ಹಾಕಿ ನೋಡಿದರೆ ಏನೂ ತಿಳಿಯದು. 8–10 ಕೆ.ಜಿ. ತುಂಬಿಸಿ, ಎಲ್ಲ ಪಟ್ಟಿಗಳನ್ನು ಸಡಿಲ ಮಾಡಿ ಹಾಕಿಕೊಳ್ಳಿ. ಮೊದಲು ಹಿಪ್ ಬೆಲ್ಟ್: ಅದರ ಮೆತ್ತೆ ಸೊಂಟದ ಮೂಳೆಯ ಏಣಿನ ಮೇಲೆ ಅರ್ಧ, ಕೆಳಗೆ ಅರ್ಧ ಬರುವಂತೆ ಕಟ್ಟಿ. ಹೊಟ್ಟೆಗೆ ಕಟ್ಟುವುದಲ್ಲ, ಮೂಳೆಗೆ ಕಟ್ಟುವುದು. ಆಮೇಲೆ ಭುಜದ ಪಟ್ಟಿಗಳನ್ನು ಮೈಗೆ ತಾಗುವಷ್ಟು ಎಳೆಯಿರಿ. ನಂತರ ಭುಜದ ಮೇಲಿಂದ ಚೀಲದ ತಲೆಗೆ ಹೋಗುವ ಸಣ್ಣ ಪಟ್ಟಿ. ಅದು ಸುಮಾರು 45 ಡಿಗ್ರಿ ಓರೆಯಲ್ಲಿರಬೇಕು. ಎದೆಪಟ್ಟಿ ಕೊನೆಗೆ: ಕೊರಳಮೂಳೆಯಿಂದ ನಾಲ್ಕೈದು ಸೆಂ.ಮೀ. ಕೆಳಗೆ, ಸ್ತನಗಳ ಮೇಲ್ಭಾಗದಲ್ಲಿ, ಉಸಿರು ಪೂರ್ತಿ ಎಳೆದುಕೊಳ್ಳುವಷ್ಟು ಸಡಿಲವಾಗಿ. ಈ ಪಟ್ಟಿ ಮೇಲೆ ಕೆಳಗೆ ಸರಿಯುವಂತಿಲ್ಲದ ಚೀಲವನ್ನು ಕೊಳ್ಳಬೇಡಿ. ಸರಿಯಾಗಿ ಕಟ್ಟಿದ್ದರೆ ಭುಜ ಮತ್ತು ಪಟ್ಟಿಯ ನಡುವೆ ಬೆರಳು ತೂರಿಸಬಹುದು, ಭಾರದ ಬಹುಪಾಲು ಸೊಂಟದ ಮೇಲೆ ಕೂತಿರುತ್ತದೆ.

ಏನು ಕೆಟ್ಟಿದೆ ಎಂಬುದನ್ನು ಮೈಯೇ ಹೇಳುತ್ತದೆ. ಭುಜದ ಹಿಂದೆ ಪಟ್ಟಿಯ ಕೆಳಗೆ ಗಾಳಿ ಆಡುತ್ತಿದ್ದರೆ ಚೀಲದ ಬೆನ್ನು ನಿಮಗೆ ಉದ್ದವಾಯಿತು. ಬೆಲ್ಟಿನ ಎರಡು ಮೆತ್ತೆಗಳು ಮುಂದೆ ಒಂದಕ್ಕೊಂದು ತಾಗುವಷ್ಟು ಬಿಗಿದರೂ ಜಾರುತ್ತಿದ್ದರೆ ಬೆಲ್ಟ್ ದೊಡ್ಡದು. ತೊಡೆಯ ಹೊರಭಾಗ ಜೋಮು ಹಿಡಿದರೆ ಬೆಲ್ಟು ಸೊಂಟದ ಮುಂಭಾಗದ ನರವನ್ನು ಒತ್ತುತ್ತಿದೆ; ಬೆಲ್ಟನ್ನು ಎರಡು ಸೆಂ.ಮೀ. ಮೇಲಕ್ಕೆತ್ತಿ ಸ್ವಲ್ಪ ಸಡಿಲಿಸಿ. ಬೆರಳು ಜುಮುಗುಟ್ಟಿದರೆ ಭುಜದ ಪಟ್ಟಿ ಕಂಕುಳ ಬಳಿ ಬಿಗಿಯಾಗಿದೆ.

ಇನ್ನೊಂದು ಮಾತು. ವಾರಗಟ್ಟಲೆ ನಡೆದರೆ ಸೊಂಟದ ಸುತ್ತಳತೆ ಇಳಿಯುತ್ತದೆ. ಕೊಳ್ಳುವ ದಿನ ಬೆಲ್ಟಿನಲ್ಲಿ ಇನ್ನೂ 5–6 ಸೆಂ.ಮೀ. ಬಿಗಿಯಲು ಜಾಗ ಉಳಿದಿರಬೇಕು. ಹಾಗೆಯೇ ಅರ್ಧ ಕೆ.ಜಿ. ತೂಗುವ, ಫ್ರೇಮ್ (ಬೆನ್ನಿನ ಕಡೆಯ ಗಟ್ಟಿ ಚೌಕಟ್ಟು) ಇಲ್ಲದ ಚೀಲಗಳ ಮೋಹಕ್ಕೆ ಬೀಳಬೇಡಿ. 8–9 ಕೆ.ಜಿ. ದಾಟಿದೊಡನೆ ಅವು ಕುಸಿದು ಭಾರವನ್ನೆಲ್ಲ ಭುಜಕ್ಕೆ ಹೇರುತ್ತವೆ. ಮೊದಲ ಚಾರಣಕ್ಕೆ ಫ್ರೇಮ್ ಇರುವ 1–1.3 ಕೆ.ಜಿ.ಯ ಚೀಲವೇ ಸರಿ.

ಪ್ರಶ್ನೆ: ನನ್ನ ಸ್ಲೀಪಿಂಗ್ ಬ್ಯಾಗಿನ ಮೇಲೆ 0 ಡಿಗ್ರಿ ಎಂದಿದೆ. ಹೊರಗೆ 4 ಡಿಗ್ರಿ ಇದ್ದ ರಾತ್ರಿ ನಡುಗುತ್ತಾ ಕಳೆದೆ. ಬ್ಯಾಗ್ ಕೆಟ್ಟಿದೆಯೇ, ನನಗೇ ಚಳಿ ಜಾಸ್ತಿಯೇ?

ಉತ್ತರ: ಎರಡೂ ಅಲ್ಲದಿರಬಹುದು. ನೀವು ಓದಿದ ಸಂಖ್ಯೆ ನಿಮ್ಮದಲ್ಲ. ಬ್ಯಾಗುಗಳ ಉಷ್ಣಾಂಶ ಅಳೆಯಲು 2002ರಲ್ಲಿ ಇಎನ್ 13537 ಎಂಬ ಯುರೋಪಿನ ಮಾನದಂಡ ಬಂತು, 2016ರಲ್ಲಿ ಅದರ ಜಾಗಕ್ಕೆ ಐಎಸ್‌ಒ 23537 ಬಂತು. ಸಂವೇದಕಗಳಿರುವ ಬಿಸಿ ಗೊಂಬೆಯನ್ನು ಬ್ಯಾಗಿನೊಳಗೆ ಮಲಗಿಸಿ ಅಳೆಯುವ ಪರೀಕ್ಷೆ ಅದು. ಅದರಲ್ಲಿ ‘ಕಂಫರ್ಟ್’ ಎಂಬ ಸಂಖ್ಯೆ 60 ಕೆ.ಜಿ., 1.60 ಮೀಟರಿನ ಮಾದರಿ ಹೆಂಗಸು ಮೈಚಾಚಿ ನೆಮ್ಮದಿಯಾಗಿ ಮಲಗುವ ಉಷ್ಣಾಂಶ. ‘ಲಿಮಿಟ್’ ಎಂಬುದು 73 ಕೆ.ಜಿ., 1.73 ಮೀಟರಿನ ಮಾದರಿ ಗಂಡಸು ಮುದುರಿಕೊಂಡು ಹೇಗೋ ನಿದ್ದೆ ಮಾಡಬಲ್ಲ ಉಷ್ಣಾಂಶ. ಬ್ಯಾಗಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರುವುದು ಎಷ್ಟೋ ಸಲ ಲಿಮಿಟ್. ಎರಡರ ನಡುವೆ 5–6 ಡಿಗ್ರಿ ಅಂತರವಿರುವುದು ಸಾಮಾನ್ಯ. ನಿಮ್ಮ ‘0 ಡಿಗ್ರಿ’ ಲಿಮಿಟ್ ಆಗಿದ್ದರೆ ನಿಮ್ಮ ಕಂಫರ್ಟ್ 5–6 ಡಿಗ್ರಿಯ ಸುಮಾರಿಗೆ ಬರುತ್ತದೆ; 4 ಡಿಗ್ರಿಯಲ್ಲಿ ನಡುಗಿದ್ದು ಸಹಜ. ಹೆಣ್ಣುಮಕ್ಕಳು ಕಂಫರ್ಟ್ ಸಂಖ್ಯೆಯನ್ನೇ ಓದಬೇಕು, ಎದುರಾಗುವ ಅತಿ ಚಳಿಯ ರಾತ್ರಿಗಿಂತ ಅದು ಎರಡು ಮೂರು ಡಿಗ್ರಿ ಕೆಳಗಿರಬೇಕು.

ಬ್ಯಾಗನ್ನು ದೂರುವ ಮೊದಲು ಕೆಳಗಿನ ಮ್ಯಾಟ್ ನೋಡಿ. ಮೈಯ ಭಾರಕ್ಕೆ ಬ್ಯಾಗಿನ ಅಡಿಯ ತುಪ್ಪುಳ ಚಪ್ಪಟೆಯಾಗಿ ಅಲ್ಲಿ ಬಿಸಿ ನಿಲ್ಲುವುದಿಲ್ಲ. ನೆಲದ ಚಳಿಯನ್ನು ತಡೆಯುವುದು ಮ್ಯಾಟ್ ಮಾತ್ರ. ಅದರ ತಡೆಯನ್ನು ಆರ್-ವ್ಯಾಲ್ಯೂ ಎಂಬ ಸಂಖ್ಯೆ ಹೇಳುತ್ತದೆ: ಮಡಿಚುವ ಫೋಮ್ ಮ್ಯಾಟ್ ಸುಮಾರು 2, ಚಳಿಗಾಲ ಬಿಟ್ಟು ಉಳಿದ ಋತುಗಳಿಗೆ 3–4, ಹಿಮದ ಮೇಲೆ ಮಲಗಲು 5ಕ್ಕೆ ಮೇಲೆ. ಒಂದರ ಮೇಲೊಂದು ಹಾಕಿದರೆ ಈ ಸಂಖ್ಯೆಗಳು ಕೂಡಿಕೊಳ್ಳುತ್ತವೆ. 2ರ ಫೋಮ್ ಮೇಲೆ 3ರ ಗಾಳಿಮ್ಯಾಟ್ ಹಾಸಿದರೆ 5. ಗಾಳಿಮ್ಯಾಟಿಗೆ ಮುಳ್ಳು ಚುಚ್ಚಿದ ರಾತ್ರಿ ಆ ಫೋಮೇ ಕಾಪಾಡುತ್ತದೆ.

ಬ್ಯಾಗಿನ ಉದ್ದವೂ ಸೇರಿಕೊಂಡಿದೆ. ನೀವು 1.55 ಮೀಟರ್ ಇದ್ದು ಬ್ಯಾಗ್ 1.85 ಮೀಟರ್ ಎತ್ತರದವರಿಗೆ ಮಾಡಿದ್ದಾದರೆ, ಕಾಲಕೆಳಗಿನ ಖಾಲಿ ಜಾಗವನ್ನು ರಾತ್ರಿಯಿಡೀ ನಿಮ್ಮ ಮೈ ಕಾಯಿಸುತ್ತಿರಬೇಕು. ಗಿಡ್ಡ ಬ್ಯಾಗ್ ಹಗುರವೂ ಹೌದು, ಬೆಚ್ಚಗೂ ಹೌದು. ಚಿಕ್ಕ ದೇಹಕ್ಕೆ ಲಾಭವಾಗುವ ಕೆಲವೇ ವಸ್ತುಗಳಲ್ಲಿ ಇದೊಂದು, ಅದನ್ನು ಬಿಡಬೇಡಿ.

ತಲೆಯನ್ನು ಬ್ಯಾಗಿನೊಳಗೆ ತೂರಿಸಿ ಉಸಿರಾಡಬೇಡಿ, ಉಸಿರಿನ ತೇವ ತುಪ್ಪುಳಕ್ಕೆ ಇಳಿಯುತ್ತದೆ. ಒದ್ದೆಯಾದ ತುಪ್ಪುಳ ಉಂಡೆಕಟ್ಟಿ ಬಿಸಿ ಹಿಡಿಯುವುದನ್ನೇ ಬಿಡುತ್ತದೆ. ಮಧ್ಯಾಹ್ನದ ವಿಶ್ರಾಂತಿಯಲ್ಲಿ ಅರ್ಧ ಗಂಟೆ ಬಿಸಿಲಿಗೆ ಹರಡಿ. ಭಾರ ಇಳಿಸುವ ಹುಮ್ಮಸ್ಸಿನಲ್ಲಿ ಬ್ಯಾಗಿನ ಬೆಚ್ಚನ್ನು ಕಡಿಮೆ ಮಾಡಬೇಡಿರೆಂದು ಕೇಳಿಕೊಳ್ಳುತ್ತೇವೆ. ನಿದ್ದೆಗೆಟ್ಟ ಮೂರನೆಯ ದಿನ ಹಗುರ ಚೀಲವೂ ಭಾರವೇ.

ಪ್ರಶ್ನೆ: ಪಾದದ ಗಂಟು ಮುಚ್ಚುವ ಬೂಟು ಕೊಳ್ಳಲೇ, ಟ್ರೇಲ್ ರನ್ನಿಂಗ್ ಶೂ ಕೊಳ್ಳಲೇ?

ಉತ್ತರ: ದಾರಿ ಸ್ಪಷ್ಟವಾಗಿದ್ದು ಹೊರೆ 13 ಕೆ.ಜಿ.ಯೊಳಗಿದ್ದರೆ ಟ್ರೇಲ್ ಶೂ, ಅಂದರೆ ಕಾಡುದಾರಿಯಲ್ಲಿ ಓಡಲು ಮಾಡಿದ ಹಗುರ ಶೂ. ಬೂಟಿನ ಜೋಡಿ 1,200–1,300 ಗ್ರಾಂ ತೂಗಿದರೆ ಟ್ರೇಲ್ ಶೂ 500–600. ಒಂದು ಕಾಲಿಗೆ 350 ಗ್ರಾಂ ವ್ಯತ್ಯಾಸ. 65 ಸೆಂ.ಮೀ. ಹೆಜ್ಜೆಯವರು 20 ಕಿ.ಮೀ. ನಡೆಯಲು ಸುಮಾರು 30,000 ಹೆಜ್ಜೆ ಹಾಕುತ್ತಾರೆ. ಹೆಜ್ಜೆಗೆ 350 ಗ್ರಾಂನಂತೆ ಒಂದು ದಿನಕ್ಕೆ ಹತ್ತು ಟನ್ನಿಗೂ ಹೆಚ್ಚು ಎತ್ತಿದಂತಾಯಿತು. ಹಿಮ, ಸಡಿಲ ಕಲ್ಲಿನ ಕಡಿದಾದ ಇಳಿಜಾರು ಅಥವಾ ಹಿಂದೆ ಉಳುಕಿದ ಪಾದ ಇದ್ದರೆ ಮಾತ್ರ ಬೂಟಿಗೆ ಹೋಗಿ. ಬೂಟಿನಿಂದ ಶೂಗೆ ಬದಲಾಯಿಸುವವರು ನಾಲ್ಕಾರು ವಾರ ಮುಂಚಿನಿಂದ ಹೊರೆ ಹೊತ್ತು ನಡೆದು ಹಿಮ್ಮಡಿಯ ಸ್ನಾಯುರಜ್ಜುವನ್ನು ಒಗ್ಗಿಸಿಕೊಳ್ಳಬೇಕು.

ಸೈಜಿನ ವಿಷಯದಲ್ಲಿ ಜಿಪುಣತನ ಬೇಡ. ಸಂಜೆ ಹೊತ್ತು, ನಡೆಯುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ. ಒಳಗಿನ ಅಟ್ಟೆಯನ್ನು ಹೊರತೆಗೆದು ಅದರ ಮೇಲೆ ನಿಲ್ಲಿ: ಉದ್ದನೆಯ ಬೆರಳಿನ ಮುಂದೆ 1–1.5 ಸೆಂ.ಮೀ. ಉಳಿಯಬೇಕು, ಪಾದದ ಅಂಚು ಅಟ್ಟೆಯಿಂದ ಹೊರಚಾಚಬಾರದು. ಚಾಚಿದರೆ ಅಗಲದ ಶೂ ಹುಡುಕಿ. ಗಂಡಸರ ವಿಭಾಗದಲ್ಲಿ ಸಿಕ್ಕಿದರೆ ಅದನ್ನೇ ಕೊಳ್ಳಿ. ದಿನವಿಡೀ ನಡೆದರೆ ಪಾದ ಊದಿಕೊಳ್ಳುತ್ತದೆ. ಹಾಗಾಗಿ ದಿನಬಳಕೆಗಿಂತ ಅರ್ಧ ಅಥವಾ ಒಂದು ಸೈಜು ಹೆಚ್ಚು ಬೇಕಾಗುವುದು ಮಾಮೂಲು. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುವುದು ಶೂ ಚಿಕ್ಕದಾದ್ದರಿಂದ, ಇಲ್ಲವೇ ಹಿಮ್ಮಡಿ ಸಡಿಲವಾದ್ದರಿಂದ. ಎರಡನೆಯದಕ್ಕೆ, ಮೇಲಿನ ಕೊನೆಯ ತೂತುಗಳಲ್ಲಿ ಲೇಸಿನ ಕುಣಿಕೆ ಮಾಡಿ ಎದುರು ತುದಿಯನ್ನು ಅದರೊಳಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಕಚ್ಚಿ ನಿಲ್ಲುತ್ತದೆ.

ವಾಟರ್‌ಪ್ರೂಫ್ ಶೂ ಹಲವು ದಿನಗಳ ಮಳೆಯಲ್ಲಿ ಉಪಕಾರಕ್ಕಿಂತ ಅಪಕಾರ. ನೀರು ಮೇಲಿನಿಂದ ಇಳಿಯುತ್ತದೆ, ಇಳಿದದ್ದು ಹೊರಹೋಗುವುದಿಲ್ಲ. ಜಾಲರಿಯ ಶೂ ನಡೆಯುತ್ತಲೇ ಒಣಗುತ್ತದೆ.

ಗುಳ್ಳೆ ಏಳುವ ಮುನ್ನ ಆ ಜಾಗ ಬಿಸಿಯಾಗಿ ಚುರುಗುಟ್ಟುತ್ತದೆ. ಆ ಕ್ಷಣವೇ ನಿಲ್ಲಿ, ಮುಂದಿನ ತಂಗುದಾಣದಲ್ಲಿ ನೋಡೋಣ ಎನ್ನಬೇಡಿ. ಸಾಕ್ಸ್ ತೆಗೆದು, ಒರೆಸಿ, ಆರಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿದ ಗಟ್ಟಿ ಅಂಟಿನ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿ. ಮೂಲೆ ಚೂಪಾಗಿದ್ದರೆ ಸಾಕ್ಸಿಗೆ ಸಿಕ್ಕಿ ಮಡಚಿಕೊಂಡು ಅದೇ ಹೊಸ ಗುಳ್ಳೆ ಎಬ್ಬಿಸುತ್ತದೆ.

ಪ್ರಶ್ನೆ: ಮುಟ್ಟಿನ ದಿನಗಳು ಚಾರಣದ ನಡುವೆಯೇ ಬರುತ್ತವೆ. ಮೂತ್ರಕ್ಕೆ ಹೋಗುವ ಮುಜುಗರಕ್ಕೆ ನೀರು ಕಡಿಮೆ ಕುಡಿಯುತ್ತಿದ್ದೇನೆ. ಏನು ಕೊಂಡೊಯ್ಯಲಿ?

ಉತ್ತರ: ಮೊದಲು ನೀರು ಕುಡಿಯಿರಿ. ನೀರು ಕಡಿಮೆ ಮಾಡಿ ಮೂತ್ರ ತಡೆಹಿಡಿದರೆ ಮೂತ್ರನಾಳದ ಸೋಂಕಿಗೆ ದಾರಿ. ಊರಿನಿಂದ ಎರಡು ದಿನದ ದೂರದಲ್ಲಿ ಉರಿ ಮತ್ತು ಜ್ವರ ಶುರುವಾದರೆ ಚಾರಣ ಅಲ್ಲಿಗೇ ಮುಗಿಯುತ್ತದೆ. ಮೂತ್ರ ತಿಳಿ ಹಳದಿ ಇರುವಷ್ಟು ಕುಡಿಯಬೇಕು.

ಟಿಶ್ಯೂ ಕಾಗದದ ರಾಶಿಯ ಬದಲು ಅಂಗೈಯಗಲದ, ಬೇಗ ಒಣಗುವ ಒಂದು ಬಟ್ಟೆ ಸಾಕು. ಮೂತ್ರದ ನಂತರ ಒರೆಸಿಕೊಳ್ಳಲು ಮಾತ್ರ ಅದು. ಚೀಲದ ಹೊರಗೆ ಬಿಸಿಲು ಬೀಳುವ ಕಡೆ ಒಂದು ಒತ್ತುಗುಂಡಿ ಹಾಕಿ ನೇತುಬಿಡಿ, ಸಂಜೆ ಸೋಪಿನಲ್ಲಿ ತೊಳೆಯಿರಿ. ತೂಕ 15–20 ಗ್ರಾಂ. ನಿಂತೇ ಮೂತ್ರ ಮಾಡಲು ಬರುವ ಸಿಲಿಕೋನ್ ಕೊಳವೆಗಳಿವೆ. ಚಳಿಯಲ್ಲಿ, ಮಳೆಯಲ್ಲಿ, ಮರೆಯಿಲ್ಲದ ಬಯಲಲ್ಲಿ ಅವು ವರವೇ. ಆದರೆ ಮನೆಯ ಬಚ್ಚಲಲ್ಲಿ ಹತ್ತು ಸಲ ಅಭ್ಯಾಸ ಮಾಡದೆ ಒಯ್ಯಬೇಡಿ. ರಭಸವಾಗಿ ಬಿಟ್ಟರೆ ಹಿಂದಿನಿಂದ ಉಕ್ಕಿ ಬಟ್ಟೆ ಒದ್ದೆಯಾಗುವುದು ಎಲ್ಲರಿಗೂ ಮೊದಲು ಆಗುವ ಎಡವಟ್ಟು.

ಮುಟ್ಟಿಗೆ ತೂಕದ ಲೆಕ್ಕದಲ್ಲಿ ಯೋನಿಯೊಳಗೆ ಇಡುವ ಮುಟ್ಟಿನ ಕಪ್‌ಗೆ ಸಾಟಿಯಿಲ್ಲ: ಸುಮಾರು 20 ಗ್ರಾಂ, 20–30 ಮಿ.ಲೀ. ಹಿಡಿಯುತ್ತದೆ, 12 ಗಂಟೆಯವರೆಗೆ ಇಡಬಹುದು, ಕಸವಿಲ್ಲ. ಆದರೆ ಹೊಸ ಕಪ್ಪನ್ನು ದಾರಿಯಲ್ಲಿ ಮೊದಲ ಸಲ ಬಳಸಬೇಡಿ. ಎರಡು ಮೂರು ತಿಂಗಳು ಮನೆಯಲ್ಲಿ ಬಳಸಿ ಕೈ ಪಳಗಲಿ. ಗರ್ಭನಿರೋಧಕ ಕಾಪರ್-ಟಿ ಹಾಕಿಸಿಕೊಂಡವರು ವೈದ್ಯರನ್ನು ಕೇಳಿಯೇ ಬಳಸಬೇಕು, ಕಪ್ ಎಳೆಯುವಾಗ ಅದು ಜಾರುವ ಸಂಭವವಿದೆ. ದಾರಿಯಲ್ಲಿ ಕೈಯನ್ನು ಸೋಪು ನೀರಿನಲ್ಲಿ ತೊಳೆದು, ನೀರಿನ ಸೆಲೆ, ದಾರಿ, ತಂಗುದಾಣಗಳಿಂದ 60–70 ಮೀಟರ್ ದೂರದಲ್ಲಿ 15–20 ಸೆಂ.ಮೀ. ಆಳದ ಗುಂಡಿ ತೋಡಿ ಅಲ್ಲಿ ಖಾಲಿ ಮಾಡಿ, ಕುಡಿಯುವ ನೀರಿನಿಂದ ತೊಳೆದು ಹಾಕಿಕೊಳ್ಳಿ. ಸ್ಯಾನಿಟೈಸರ್ ಕೈಗೆ ಸರಿ, ಕಪ್ಪಿಗೆ ಬೇಡ, ಉರಿಯುತ್ತದೆ.

ಪ್ಯಾಡ್ ಅಥವಾ ಟ್ಯಾಂಪನ್ (ಒಳಗೆ ಇಡುವ ಹೀರುಸುರುಳಿ) ಒಗ್ಗಿದ್ದರೆ ಅದನ್ನೇ ಒಯ್ಯಿರಿ, ಬಳಸಿದ್ದನ್ನು ಹೂಳಬೇಡಿ, ಸುಡಬೇಡಿ. ಪ್ರಾಣಿಗಳು ಅಗೆದು ತೆಗೆಯುತ್ತವೆ, ಪ್ಲಾಸ್ಟಿಕ್ ಪೂರ್ತಿ ಉರಿಯುವುದಿಲ್ಲ. ಜಿಪ್ ಚೀಲದೊಳಗೆ ಹಾಕಿ, ಅದನ್ನು ಒಳಗೆ ಕಾಣದ ಇನ್ನೊಂದು ಚೀಲದಲ್ಲಿಟ್ಟು, ವಾಸನೆ ಹೀರಲು ಒಂದು ಚಮಚ ಅಡುಗೆ ಸೋಡಾ ಉದುರಿಸಿ, ಊರು ಸಿಕ್ಕಾಗ ಕಸದ ತೊಟ್ಟಿಗೆ ಹಾಕಿ. ಟ್ಯಾಂಪನ್ 8 ಗಂಟೆಗಿಂತ ಹೆಚ್ಚು ಇಡಬಾರದು.

ದಣಿವಿಗೆ ಮುಟ್ಟು ಹಿಂದೆಮುಂದೆ ಆಗಬಹುದು, ಹಾಗಾಗಿ ತಾರೀಖು ನೋಡಿ ಸಾಮಾನು ಬಿಟ್ಟು ಹೋಗಬೇಡಿ. ತಿಂಗಳುಗಟ್ಟಲೆ ನಡೆಯುವವರಿಗೆ ಮುಟ್ಟು ನಿಂತೇ ಹೋದರೆ, ಗರ್ಭಧಾರಣೆಯ ಸಾಧ್ಯತೆ ಇಲ್ಲವೆಂದಾದರೆ, ಅದನ್ನು ಅನುಕೂಲವೆಂದು ಬಗೆಯದೆ ಊಟ ಹೆಚ್ಚಿಸಿ. ಖರ್ಚಾಗುವ ಶಕ್ತಿಗೆ ತಕ್ಕಷ್ಟು ತಿನ್ನುತ್ತಿಲ್ಲ ಎಂಬುದರ ಗುರುತು ಅದು. ಮೂಳೆಗೆ ಪೆಟ್ಟು ಬೀಳುತ್ತದೆ.

ಪ್ರಶ್ನೆ: ಎಷ್ಟು ಜೊತೆ ಬಟ್ಟೆ ಬೇಕು?

ಉತ್ತರ: ನಡೆಯಲು ಒಂದು, ಮಲಗಲು ಒಂದು. ನಡೆಯುವ ಜೊತೆ ಮೈಮೇಲಿರುತ್ತದೆ, ಚೀಲದ ತೂಕಕ್ಕೆ ಸೇರುವುದಿಲ್ಲ. ಮಲಗುವ ಜೊತೆ ಎಂದೆಂದೂ ಒದ್ದೆಯಾಗಬಾರದು. ಬೆಳಗ್ಗೆ ಎಷ್ಟೇ ಅಸಹ್ಯವೆನಿಸಿದರೂ ನಿನ್ನೆಯ ತೇವದ ಬಟ್ಟೆಯನ್ನೇ ಹಾಕಿ ಹೊರಡಿ, ಹತ್ತು ನಿಮಿಷದಲ್ಲಿ ಮೈ ಬಿಸಿಗೆ ಹೊಂದಿಕೊಳ್ಳುತ್ತದೆ. ಇದರ ಮೇಲೆ ಒಂದು ಫ್ಲೀಸ್, ನಿಂತಾಗ ಹಾಕಲು ತುಪ್ಪುಳದ ಜಾಕೆಟ್, ಮಳೆಯಂಗಿ, ಟೋಪಿ, ಕೈಗವಸು. ಒಳ ಉಡುಪು ಮೂರು, ಸಾಕ್ಸ್ ಮೂರು ಜೊತೆ. ಅದರಲ್ಲೊಂದು ಜೊತೆ ಮಲಗಲು ಮಾತ್ರ. ಹತ್ತಿ ಬಟ್ಟೆ ಬೇಡ, ಬೆವರು ಹೀರಿ ಒಣಗದೆ ಮೈ ತಣ್ಣಗಾಗಿಸುತ್ತದೆ.

ಬ್ರಾ ಬಗ್ಗೆ ಯಾರೂ ಹೇಳದ ಮಾತು: ಭುಜದ ಮೇಲಿನ ಪ್ಲಾಸ್ಟಿಕ್ ಕೊಂಡಿ, ಬೆನ್ನಿನ ಹುಕ್ಕು, ದಪ್ಪ ಹೊಲಿಗೆ ಇವು ಬ್ಯಾಕ್‌ಪ್ಯಾಕಿನ ಪಟ್ಟಿಯ ಕೆಳಗೆ ಸಿಕ್ಕರೆ ಎರಡನೆಯ ದಿನಕ್ಕೆ ಚರ್ಮ ಕಿತ್ತುಬರುತ್ತದೆ. ಕೊಂಡಿ, ತಂತಿ ಇಲ್ಲದ, ತೆಳುವಾದ ಸ್ಪೋರ್ಟ್ಸ್ ಬ್ರಾ ಹಾಕಿ, ತುಂಬಿದ ಚೀಲ ಹೊತ್ತು ಎರಡು ಗಂಟೆ ನಡೆದು ಪರೀಕ್ಷಿಸಿ. ಪ್ಯಾಂಟಿನ ಸೊಂಟಪಟ್ಟಿಯ ಗುಂಡಿ, ಲೂಪುಗಳೂ ಹಿಪ್ ಬೆಲ್ಟಿನಡಿ ಇದೇ ಕೆಲಸ ಮಾಡುತ್ತವೆ. ಲಾಡಿಯ ಪ್ಯಾಂಟು ಒಳ್ಳೆಯದು.

ಪ್ರಶ್ನೆ: ಒಬ್ಬಳೇ ಮಲಗಲು ಎಂಥ ಟೆಂಟು?

ಉತ್ತರ: ಒಬ್ಬರ, ಎರಡು ಪದರದ, 1,200 ಗ್ರಾಂ ಆಸುಪಾಸಿನದು. ವಾಕಿಂಗ್ ಪೋಲನ್ನೇ ಕಂಬವಾಗಿಸುವ ಟೆಂಟುಗಳು ಇನ್ನೂ ಹಗುರ, ಆದರೆ ಗೂಟ ಹೂಡಲಾಗದ ಬಂಡೆ ನೆಲದಲ್ಲಿ ಕಷ್ಟ. ಒಂದೇ ಪದರದವುಗಳಲ್ಲಿ ಉಸಿರಿನ ತೇವ ಒಳಗೋಡೆಗೆ ಹನಿಯಾಗಿ ಬ್ಯಾಗಿಗೆ ತಾಗುತ್ತದೆ. ಟೆಂಟು ಯಾವುದೇ ಇರಲಿ, ತಗ್ಗಿನಲ್ಲಿ, ಹೊಳೆಯಂಚಿನಲ್ಲಿ ಹಾಕಬೇಡಿ. ರಾತ್ರಿ ತಣ್ಣನೆಯ ಗಾಳಿ ಇಳಿದು ಅಲ್ಲೇ ನಿಲ್ಲುತ್ತದೆ. ಹೊರಡುವ ಮೊದಲು ಕತ್ತಲಲ್ಲಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಎರಡು ಸಲ ಹಾಕಿ ಬಿಚ್ಚಿ.

ಪ್ರಶ್ನೆ: ನೀರು ಮತ್ತು ಒಲೆಯ ತೂಕ ಇಳಿಸುವ ದಾರಿ?

ಉತ್ತರ: ಒಂದು ಲೀಟರ್ ನೀರು ಒಂದು ಕೆ.ಜಿ.; ಅದಕ್ಕಿಂತ ಭಾರದ ವಸ್ತು ಚೀಲದಲ್ಲಿ ಕಡಿಮೆ. ನಕ್ಷೆಯಲ್ಲಿ ನೀರಿನ ಸೆಲೆಗಳ ನಡುವಿನ ದೂರ ಗುರುತು ಹಾಕಿಕೊಳ್ಳಿ. ಎರಡು ಗಂಟೆಗೊಂದು ಸೆಲೆ ಇದ್ದರೆ ಅಲ್ಲೇ ಹೊಟ್ಟೆ ತುಂಬ ಕುಡಿದು ಒಂದು ಲೀಟರ್ ಹೊತ್ತರೆ ಸಾಕು. ದಪ್ಪ ಪ್ಲಾಸ್ಟಿಕ್ಕಿನ ಅಗಲಬಾಯಿ ಬಾಟಲಿ 180 ಗ್ರಾಂ ತೂಗಿದರೆ ತೆಳು ನೀರಿನ ಬಾಟಲಿ 35 ಗ್ರಾಂ. ಟೊಳ್ಳು ನಾರಿನ 0.1 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾ, ಪರೋಪಜೀವಿಗಳನ್ನು ತಡೆಯುತ್ತದೆ, ವೈರಸ್‌ಗಳನ್ನಲ್ಲ. ಜನವಸತಿಯ ಕೆಳಗಿನ ನೀರಾದರೆ ಕುದಿಸಿ. ಈ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ನಾರು ಸೀಳಿ ಕೆಡುತ್ತದೆ, ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಚಳಿ ರಾತ್ರಿ ಅದನ್ನು ಬ್ಯಾಗಿನೊಳಗೆ ನಿಮ್ಮ ಪಕ್ಕದಲ್ಲೇ ಮಲಗಿಸಿಕೊಳ್ಳಿ.

ಅರ್ಧ ಲೀಟರ್ ನೀರು ಕುದಿಸಲು 7–8 ಗ್ರಾಂ ಅನಿಲ ಬೇಕು. ದಿನಕ್ಕೆ ಎರಡು ಸಲವಾದರೆ 100 ಗ್ರಾಂನ ಕ್ಯಾನು ಆರು ದಿನ. ಗಾಳಿಯಲ್ಲಿ ಇದು ಇಮ್ಮಡಿಯಾಗಬಹುದು. ಆದರೆ ಕ್ಯಾನಿನ ಮೇಲೆ ಕೂರುವ ಒಲೆಗೆ ಸುತ್ತಲೂ ಮರೆ ಕಟ್ಟಬೇಡಿ, ಕ್ಯಾನು ಕಾದು ಸಿಡಿಯಬಹುದು. ಟೆಂಟಿನೊಳಗೆ ಒಲೆ ಉರಿಸಲೇಬಾರದು. ಅದರಿಂದ ಹೊರಡುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಪ್ರಶ್ನೆ: ಒಬ್ಬಳೇ ಹೋಗುವವಳು ಸುರಕ್ಷತೆಯ ಸಾಮಾನಿನಲ್ಲಿ ಏನನ್ನು ಬಿಡಬಹುದು?

ಉತ್ತರ: ಏನನ್ನೂ ಬಿಡಬೇಡಿ, ದುಪ್ಪಟ್ಟು ಇರುವುದನ್ನು ಮಾತ್ರ ತೆಗೆಯಿರಿ. ಎರಡು ಚಾಕು ಬೇಡ, ಒಂದು ಸಣ್ಣದು ಸಾಕು. 20,000 ಎಂಎಎಚ್ ಪವರ್ ಬ್ಯಾಂಕ್ ಬೇಡ. 10,000ದ್ದು ಸುಮಾರು 200 ಗ್ರಾಂ, ಪೋಲಾಗುವುದು ಕಳೆದು ಫೋನನ್ನು ಒಂದೂವರೆ ಸಲ ತುಂಬಿಸುತ್ತದೆ. ನಕ್ಷೆ ಮೊದಲೇ ಇಳಿಸಿಕೊಂಡು ಫೋನನ್ನು ಫ್ಲೈಟ್ ಮೋಡಿನಲ್ಲಿಟ್ಟರೆ ಐದು ದಿನ ಸಾಗುತ್ತದೆ. ಸಿಗ್ನಲ್ ಇಲ್ಲದ ದಾರಿಯಾದರೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ 100–150 ಗ್ರಾಂ, ಹೊರಲು ಯೋಗ್ಯ. ಕೆಲವು ದೇಶಗಳಲ್ಲಿ ಅದಕ್ಕೆ ಸರ್ಕಾರದ ಅನುಮತಿ ಬೇಕು, ಮೊದಲೇ ವಿಚಾರಿಸಿ. ಅದನ್ನು ಚೀಲದ ತಳಕ್ಕೆ ಹಾಕದೆ ಭುಜದ ಪಟ್ಟಿಗೆ ಕಟ್ಟಿ. ಚೀಲ ಕಣಿವೆಗೆ ಉರುಳಿದರೂ ನಿಮ್ಮ ಬಳಿ ಉಳಿಯಬೇಕಾದರೆ ಮೈಮೇಲಿನ ಜೇಬು ಇನ್ನೂ ಒಳ್ಳೆಯದು.

ಪ್ರಶ್ನೆ: ಇಷ್ಟಾದರೂ ಏನು ತೆಗೆಯಬೇಕು, ಏನು ಇರಬೇಕು ಎಂದು ತೀರ್ಮಾನಿಸಲು ಆಗುತ್ತಿಲ್ಲ.

ಉತ್ತರ: ಹೊರಡುವ ಒಂದು ತಿಂಗಳ ಮೊದಲು, ಪೂರ್ತಿ ಹೊರೆಯೊಂದಿಗೆ ಎರಡು ರಾತ್ರಿ ಎಲ್ಲಾದರೂ ಹೊರಗೆ ಮಲಗಿ ಬನ್ನಿ. ಒಂದು ರಾತ್ರಿಯಾದರೂ ಮಳೆಯದೋ ಚಳಿಯದೋ ಆಗಿದ್ದರೆ ಇನ್ನೂ ಒಳ್ಳೆಯದು. ಮರಳಿ ಬಂದು ಚೀಲವನ್ನು ನೆಲಕ್ಕೆ ಸುರಿದು ಮೂರು ಗುಂಪು ಮಾಡಿ: ದಿನವೂ ಬಳಸಿದ್ದು, ಒಮ್ಮೆ ಬಳಸಿದ್ದು, ಕೈಯೇ ಹಾಕದ್ದು. ಮೂರನೆಯ ಗುಂಪಿನ ಒಂದೊಂದನ್ನೂ ಎತ್ತಿ, ಇದು ಇಲ್ಲದಿದ್ದರೆ ನನಗೆ ಗಾಯವಾಗುತ್ತಿತ್ತೇ, ಮೈ ಒದ್ದೆಯಾಗುತ್ತಿತ್ತೇ, ದಾರಿ ತಪ್ಪುತ್ತಿತ್ತೇ ಎಂದು ಕೇಳಿಕೊಳ್ಳಿ. ಇಲ್ಲವೆಂದರೆ ಮನೆಯಲ್ಲೇ ಬಿಡಿ. ಎರಡನೆಯ ಗುಂಪಿನಲ್ಲಿ ಒಂದರ ಕೆಲಸವನ್ನು ಇನ್ನೊಂದು ಮಾಡುತ್ತದೆಯೇ ನೋಡಿ: ಬಟ್ಟೆ ತುಂಬಿದ ಚೀಲವೇ ದಿಂಬು, ಕುದಿಸುವ ಪಾತ್ರೆಯೇ ಲೋಟ, ಚೀಲದೊಳಗೆ ಹಾಕುವ 60–70 ಗ್ರಾಂನ ದಪ್ಪ ಪ್ಲಾಸ್ಟಿಕ್ ಚೀಲ ಇದ್ದರೆ ಹೊರಗಿನ ಮಳೆಕವಚ ಬೇಡ. ಪ್ರಥಮ ಚಿಕಿತ್ಸೆಯ ಪೊಟ್ಟಣ, ಮಳೆಯಂಗಿ, ಹೆಡ್‌ಲ್ಯಾಂಪ್, ಸೀಟಿ ಈ ಲೆಕ್ಕಕ್ಕೆ ಬರುವುದಿಲ್ಲ. ಎರಡು ರಾತ್ರಿಯಲ್ಲಿ ಒಮ್ಮೆಯೂ ಹೊರಬರದಿದ್ದರೂ ಅವು ವಾಪಸ್ ಚೀಲಕ್ಕೆ ಹೋಗಬೇಕು.